ಗೆಳೆಯರನ್ನು ದೂರುವ ಮುನ್ನ

‘ಸಹವಾಸದಿಂದ ಸನ್ಯಾಸಿ ಕೆಟ್ಟ’ ಎಂಬ ಗಾದೆ ಕೇಳದೆ ಬೆಳೆದ ಹುಡುಗರು ನಮ್ಮ ಭಾಗದಲ್ಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಒಂದು ವಿಷಯ ಹೋದರೂ, ಜೇಬಿನಲ್ಲಿ ಗುಟ್ಕಾ ಸಿಕ್ಕರೂ ಮನೆಯವರು ಮೊದಲು ಬೈಯುವುದು ಗೆಳೆಯರನ್ನೇ. ಅದು ಅರ್ಧ ಸತ್ಯ. ಉಳಿದರ್ಧ ಮನೆಯಲ್ಲೇ ಇದೆ.

ದೇವದುರ್ಗ, ಮಾನ್ವಿ ತಾಲ್ಲೂಕುಗಳಲ್ಲಿ ಮಳೆಯನ್ನೇ ನಂಬಿದ ಊರುಗಳಿವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೊನೆ ಭಾಗಕ್ಕೆ ಮುಟ್ಟದ ಹೊಲಗಳಿವೆ. ಹೀಗಾಗಿ ಬೆಂಗಳೂರು, ಪುಣೆಗೆ ಗುಳೆ ಹೋಗುವುದು ಹೊಸದೇನಲ್ಲ. ಓದು ನಿಲ್ಲಬಾರದೆಂದು ಮಕ್ಕಳನ್ನು ಅಜ್ಜಿಯ ಬಳಿಯೋ ಹಾಸ್ಟೆಲಿನಲ್ಲೋ ಬಿಟ್ಟು ಹೋಗುತ್ತಾರೆ. ಅಂಥ ತಂದೆ–ತಾಯಿಯನ್ನು ದೂರುವಂತಿಲ್ಲ. ಆದರೆ ಹದಿನಾಲ್ಕು, ಹದಿನೈದರಲ್ಲಿ ಸಿಟ್ಟು ಬೇಗ ಬರುತ್ತದೆ, ಯಾರೋ ಆಡಿದ ಒಂದು ಮಾತು ವಾರಗಟ್ಟಲೆ ಚುಚ್ಚುತ್ತದೆ. ಹೇಳಿಕೊಳ್ಳಲು ಪಕ್ಕದಲ್ಲಿರುವುದು ಗೆಳೆಯ ಮಾತ್ರ.

ನಾನೂ ರಾಯಚೂರಿನ ಹಾಸ್ಟೆಲಿನಲ್ಲಿದ್ದು ಓದಿದವ. ಭಾನುವಾರ ಅವ್ವನ ಫೋನ್ ಬರುತ್ತಿತ್ತು. ‘ಉಂಡಿಯೇನಪಾ? ಓದಾಕತ್ತೀಯಲ್ಲ?’ ಎರಡಕ್ಕೂ ‘ಹೂಂ’ ಅಂದರೆ ಮಾತು ಮುಗಿಯಿತು. ಪಿಯುಸಿ ಮೊದಲ ವರ್ಷ ಇಂಗ್ಲಿಷಿನ ಪಾಠ ತಲೆಗೆ ಹತ್ತದೆ, ದುಡಿಯಲು ಹೋಗೋಣವೆಂದು ಚೀಲ ಕಟ್ಟಿದ್ದೆ. ಅದನ್ನು ಅವ್ವನಿಗೆ ಹೇಳಲಾಗಲಿಲ್ಲ. ತಡೆದವನು ಪಕ್ಕದ ಕಾಟಿನ ಹುಡುಗ. ಅವನು ಬುದ್ಧಿ ಹೇಳಲಿಲ್ಲ. ತಿಂಗಳುಗಟ್ಟಲೆ ರಾತ್ರಿ ಕೂತು ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ. ಅದೇ ಹಾಸ್ಟೆಲಿನಲ್ಲಿ ಬೇರೊಂದು ಗುಂಪು ಸೇರಿದ ನನ್ನೂರ ಹುಡುಗ ವರ್ಷದ ನಡುವೆಯೇ ಕಾಲೇಜು ಬಿಟ್ಟ. ಇಬ್ಬರ ಮನೆಯ ಸ್ಥಿತಿಯೂ ಒಂದೇ. ನನಗೆ ಒಳ್ಳೆಯ ಗೆಳೆಯ ಸಿಕ್ಕಿದ್ದು ಅದೃಷ್ಟ. ಮಕ್ಕಳ ಬದುಕನ್ನು ಅದೃಷ್ಟಕ್ಕೆ ಬಿಡಬಹುದೇ?

ಗೆಳೆತನ ಬಿಡಿಸುವುದು ಪರಿಹಾರವಲ್ಲ. ಗದರಿಸಿದರೆ ಹುಡುಗರು ಮುಚ್ಚಿಡುವುದನ್ನು ಕಲಿಯುತ್ತಾರೆ. ಹುಡುಗಿಯರಿಗಂತೂ ಗೆಳತಿಯ ಮನೆಗೆ ಹೋಗುವುದಕ್ಕೂ ಅಪ್ಪಣೆ ಬೇಕು. ಆದರೆ ಹದಿನೆಂಟು ತುಂಬುವ ಮೊದಲೇ ಮದುವೆ ಮಾತು ಎದ್ದಾಗ ಹುಡುಗಿ ಮೊದಲು ಹೇಳಿಕೊಳ್ಳುವುದು ಗೆಳತಿಗೇ. ಆಕೆ 1098ಕ್ಕೆ ಮಾಡುವ ಒಂದು ಕರೆ ಆ ಮದುವೆಯನ್ನು ತಡೆಯಬಲ್ಲದು.

ಮನೆಯವರು ಫೋನಿನಲ್ಲಿ ಕೇಳುವ ಪ್ರಶ್ನೆ ಬದಲಾಗಲಿ. ‘ಯಾರ ಜೋಡಿ ಇರ್ತಿ? ಮನಸ್ಸಿಗೆ ಏನರ ಬ್ಯಾಸರ ಐತೇನು?’ ಎಂದು ಕೇಳಲಿ, ಗೆಳೆಯರ ಹೆಸರು ತಿಳಿದಿರಲಿ. ಶಾಲೆಗಳು ಪಾಲಕರ ಸಭೆಯನ್ನು ಮುಂಗಾರು ಬಿತ್ತನೆಗೆ ಜನ ಊರಿಗೆ ಮರಳಿದಾಗ ಕರೆಯಲಿ. ಉಳಿದ ದಿನ ಅಜ್ಜಿಯನ್ನೇ ಕರೆಸಿ ಮಾತನಾಡಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಸ್ನೇಹಾ ಕ್ಲಿನಿಕ್‌ಗಳಿವೆ. 2022ರಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಿಲ್ಲ. ಈ ಎರಡು ಸಂಖ್ಯೆಗಳನ್ನು ಪ್ರತಿ ಹಾಸ್ಟೆಲಿನ ಗೋಡೆಗೆ ಬರೆಸುವುದಕ್ಕೆ ದೊಡ್ಡ ಖರ್ಚೇನಿಲ್ಲ.

ಮೊನ್ನೆ ತಮ್ಮನಿಗೆ ಫೋನ್ ಮಾಡಿದಾಗ ನನ್ನ ಬಾಯಿಂದಲೂ ಮೊದಲು ಬಂದದ್ದು ‘ಓದಾಕತ್ತೀಯಲ್ಲ?’ ಎಂಬ ಮಾತೇ. ತಡೆದು, ಅವನ ಗೆಳೆಯರ ಬಗ್ಗೆ ಕೇಳಿದೆ. ಅರ್ಧ ಗಂಟೆ ಮಾತನಾಡಿದ.