ದೋಸೆ ಏಳದಿದ್ದರೆ ಸೊಸೆಯನ್ನು ಬೈಯಬೇಡಿ

ಮದುವೆಯಾಗಿ ಬಂದ ಹೊಸತು. ಭಾನುವಾರ ಬೆಳಿಗ್ಗೆ, ಮನೆ ತುಂಬ ನೆಂಟರು. ‘ಇವತ್ತು ದೋಸೆ ನೀನೇ ಹುಯ್ಯಮ್ಮ’ ಎಂದರು ಅತ್ತೆ. ಹಿಂದಿನ ದಿನವಷ್ಟೇ ಅಡುಗೆಮನೆ ಚೊಕ್ಕ ಮಾಡುವ ಉತ್ಸಾಹದಲ್ಲಿ ಅವರ ಕರ್ರಗಿನ ಕಬ್ಬಿಣದ ಕಾವಲಿಯನ್ನು ಸ್ಟೀಲ್ ಸ್ಕ್ರಬ್ಬರ್ ಹಾಕಿ ತಿಕ್ಕಿ ತಿಕ್ಕಿ ಫಳಫಳ ಹೊಳೆಯುವಂತೆ ಮಾಡಿದ್ದೆ. ಹೊಗಳುತ್ತಾರೆ ಅಂತ ಕಾದಿದ್ದೆ ಬೇರೆ! ಮೊದಲ ದೋಸೆ ಏಳಲೇ ಇಲ್ಲ. ಎರಡನೆಯದು ಚೂರು ಚೂರು. ಮೂರನೆಯದನ್ನು ಕೆರೆದು ತೆಗೆದೆ. ನೆಂಟರಲ್ಲೊಬ್ಬರು ‘ಎಲ್ಲದಕ್ಕೂ ಕೈಗುಣ ಬೇಕು ಬಿಡಿ’ ಅಂದರು.

ಆ ಮಾತು ತುಂಬ ದಿನ ಕೊರೆಯಿತು. ನನ್ನ ಕೈಯಲ್ಲೇ ಏನೋ ದೋಷವಿದೆ ಅಂತ ನಂಬಿ ಮರುವಾರವೇ ನಾನ್‌ಸ್ಟಿಕ್ ತವಾ ತಂದೆ. ಕಾವಲಿ ಅಟ್ಟ ಸೇರಿತು. ನಾಲ್ಕು ವರ್ಷದಲ್ಲಿ ಎರಡು ತವಾ ಗೀರು ಬಿದ್ದು ಮೂಲೆಗೆ ಹೋದ ಮೇಲೆ, ಅತ್ತೆಯೇ ಒಂದು ದಿನ ಕಾವಲಿ ಕೆಳಗಿಳಿಸಿ, ‘ಇದನ್ನ ಮತ್ತೆ ಪಳಗಿಸಬೇಕು ಕಣಮ್ಮ. ಅವತ್ತೇ ಹೇಳಬೇಕಿತ್ತು ನಾನು’ ಅಂದರು.

ಗೆಳತಿಯರೇ, ನಾನು ಹೇಳಬೇಕೆಂದಿರುವುದು ಇಷ್ಟೇ. ದೋಸೆ ಏಳುವುದು ಕೈಗುಣದಿಂದಲ್ಲ, ಕಾವಲಿಯ ಗುಣದಿಂದ. ಆ ಗುಣವನ್ನು ಯಾರು ಬೇಕಾದರೂ ತರಬಹುದು. ಆದರೆ ಅದನ್ನು ಯಾರಾದರೂ ಬಾಯಿಬಿಟ್ಟು ಹೇಳಿಕೊಡಬೇಕು. ಹೇಳಿಕೊಡದೆ ‘ಇವಳಿಗೆ ದೋಸೆ ಹುಯ್ಯೋಕೂ ಬರಲ್ಲ’ ಅಂದರೆ ಯಾರ ತಪ್ಪು?

ಕಾವಲಿಯ ಮೇಲಿನ ಆ ಕರಿ ಬಣ್ಣ ಕೊಳೆಯಲ್ಲ. ಎಣ್ಣೆಯನ್ನು ತೆಳ್ಳಗೆ ಸವರಿ ಚೆನ್ನಾಗಿ ಕಾಯಿಸಿದಾಗ ಅದು ಎಣ್ಣೆಯಾಗಿ ಉಳಿಯುವುದಿಲ್ಲ, ವಾರ್ನಿಷ್ ಹಾಗೆ ಗಟ್ಟಿ ಪದರವಾಗಿ ಲೋಹಕ್ಕೆ ಅಂಟಿಕೊಳ್ಳುತ್ತದೆ. ಹಿಟ್ಟು ಕಬ್ಬಿಣಕ್ಕೆ ಹಿಡಿಯದಂತೆ, ಕಾವಲಿ ತುಕ್ಕು ಹಿಡಿಯದಂತೆ ತಡೆಯುವುದು ಈ ಪದರವೇ. ನಾನು ಅವತ್ತು ತಿಕ್ಕಿ ತೆಗೆದದ್ದು ಅತ್ತೆಯ ಎಷ್ಟೋ ವರ್ಷಗಳ ದುಡಿಮೆಯನ್ನು!

ಹಾಗಾದರೆ ಪಳಗಿಸುವುದು ಹೇಗೆ? ಹೊಸ ಕಾವಲಿಗೆ ತುಕ್ಕು ಹಿಡಿಯಬಾರದೆಂದು ಎಣ್ಣೆಯನ್ನೋ ಮೇಣವನ್ನೋ ಬಳಿದಿರುತ್ತಾರೆ. ಬಿಸಿನೀರು, ಸೋಪು ಹಾಕಿ ಅದನ್ನು ಪೂರ್ತಿ ತೊಳೆಯಿರಿ. ಸ್ಕ್ರಬ್ಬರ್ ಬಳಸುವುದು ಇದೊಂದೇ ಸಲ. ಕೂಡಲೇ ಒರೆಸಿ, ಒಲೆಯ ಮೇಲಿಟ್ಟು ತೇವ ಆರಿಸಿ. ಕಡಲೆಕಾಯಿ ಎಣ್ಣೆಯೋ ಸೂರ್ಯಕಾಂತಿ ಎಣ್ಣೆಯೋ ಅರ್ಧ ಚಮಚ ಹಾಕಿ ಹಿಂದೆ ಮುಂದೆ ಎಲ್ಲಾ ಸವರಿ. ಆಮೇಲೆ ಒಣಬಟ್ಟೆಯಲ್ಲಿ, ಎಣ್ಣೆ ಹಚ್ಚಿಯೇ ಇಲ್ಲವೇನೋ ಅನ್ನುವಷ್ಟು ಒರೆಸಿಬಿಡಿ. ಎಲ್ಲರೂ ಎಡವುವುದು ಇಲ್ಲೇ. ಎಣ್ಣೆ ಹೆಚ್ಚಾದರೆ ಪದರ ಗಟ್ಟಿಯಾಗದೆ ಅಂಟಂಟಾಗುತ್ತದೆ. ಕಿಟಕಿ ತೆರೆದಿಟ್ಟು, ಸಣ್ಣ ಹೊಗೆ ಬರುವ ತನಕ ಕಾಯಿಸಿ. ಅಲ್ಲೇ ನಿಂತಿರಿ, ಬಿಟ್ಟು ಹೋಗಬೇಡಿ. ಹೊಗೆ ನಿಂತ ಮೇಲೆ ಆರಲು ಬಿಡಿ. ಹೀಗೆ ನಾಲ್ಕೈದು ಸಲ. ತೆಂಗಿನೆಣ್ಣೆ ದೋಸೆಗೆ ರುಚಿಯೇ ಹೌದು, ಆದರೆ ಅದು ಬೇಗ ಗಟ್ಟಿ ಪದರವಾಗುವುದಿಲ್ಲ. ಹಾಗಾಗಿ ಪಳಗಿಸಲು ಬೇಡ.

ಕೊನೆಗೆ ಹೆಚ್ಚಿದ ಈರುಳ್ಳಿಯನ್ನು ಒಂದಿಷ್ಟು ಎಣ್ಣೆ ಹಾಕಿ ಕಾವಲಿಯ ತುಂಬ ಆಡಿಸುತ್ತಾ ಕಪ್ಪಾಗುವವರೆಗೆ ಹುರಿದು ಎಸೆಯಿರಿ. ಇಷ್ಟಾದರೂ ಮೊದಲ ನಾಲ್ಕು ದೋಸೆ ಹಟ ಮಾಡಬಹುದು. ಧೈರ್ಯಗೆಡಬೇಡಿ. ಮೊದಲ ವಾರ ಎಣ್ಣೆ ಸ್ವಲ್ಪ ಧಾರಾಳವಾಗಿರಲಿ. ನೀರು ಚಿಮುಕಿಸಿದಾಗ ಚುಂಯ್ ಎಂದು ಆರಿದರೆ ಕಾವು ಸರಿ. ಹಿಟ್ಟು ಸೌಟಿನ ಜೊತೆಯೇ ಸುತ್ತಿ ಬಂದರೆ ಕಾವು ಹೆಚ್ಚಾಗಿದೆ ಎಂದರ್ಥ. ಉರಿ ತಗ್ಗಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಅರ್ಧ ಈರುಳ್ಳಿಯನ್ನೋ ಬದನೆಕಾಯಿ ತೊಟ್ಟನ್ನೋ ಎಣ್ಣೆಗೆ ಅದ್ದಿ ಸವರಿ ನೋಡಿ.

ಇನ್ನು ಕಾಪಾಡಿಕೊಳ್ಳುವ ಮಾತು. ದೋಸೆ ಕಾವಲಿಯಲ್ಲಿ ಚಪಾತಿ ಬೇಡ. ಎಣ್ಣೆಯಿಲ್ಲದೆ ಗಂಟೆಗಟ್ಟಲೆ ಕಾದರೆ ಪದರ ಸುಟ್ಟುಹೋಗುತ್ತದೆ. ಹುಳಿ, ಟೊಮೆಟೊ ಹಾಕಿ ಕುದಿಸುವುದೂ ಬೇಡ, ಹುಳಿ ಪದರವನ್ನು ಕಿತ್ತುಬಿಡುತ್ತದೆ. ಕಾದ ಕಾವಲಿಗೆ ತಣ್ಣೀರು ಸುರಿದರೆ ತಗಡು ಸೊಟ್ಟಗಾಗುತ್ತದೆ. ಕೆಲಸ ಮುಗಿದ ಮೇಲೆ ಬಿಸಿನೀರಿನಲ್ಲಿ ತೆಂಗಿನ ನಾರಿನಿಂದ ಉಜ್ಜಿ, ಒಣಗಿಸಿ, ಒಂದು ಹನಿ ಎಣ್ಣೆ ಸವರಿಟ್ಟರೆ ಸಾಕು. ಸಿಂಕಿನಲ್ಲಿ ರಾತ್ರಿಯಿಡೀ ನೆನೆಹಾಕಿದರೆ ಬೆಳಿಗ್ಗೆಗೆ ತುಕ್ಕು ಗ್ಯಾರಂಟಿ. ಈ ವಿಷಯ ನಿಮಗೊಬ್ಬರಿಗೆ ಗೊತ್ತಿದ್ದರೆ ಸಾಲದು. ಪಾತ್ರೆ ತೊಳೆಯಲು ಬರುವ ಅಕ್ಕನಿಗೂ ಮನೆಯ ಗಂಡಸರಿಗೂ ಗೊತ್ತಿರಬೇಕು. ಅಕಸ್ಮಾತ್ ತುಕ್ಕು ಬಂದರೂ ಗುಜರಿಗೆ ಹಾಕಬೇಡಿ. ಉಜ್ಜಿ ತೆಗೆದು ಮತ್ತೆ ಮೊದಲಿನಿಂದ ಪಳಗಿಸಿದರಾಯಿತು. ನಾನ್‌ಸ್ಟಿಕ್ ತವಾಗೆ ಇಂಥ ಎರಡನೇ ಜನ್ಮ ಇಲ್ಲ.

ಹಾಗಂತ ನಾನ್‌ಸ್ಟಿಕ್ ವಿಷ ಎಂದು ಹೆದರಿಸಲಾರೆ. ಮಣಿಕಟ್ಟು ನೋವಿರುವವರಿಗೆ ಹಗುರ ತವಾ ಅನುಕೂಲವೇ. ಆದರೆ ಅದನ್ನು ಖಾಲಿ ಕಾಯಿಸಬಾರದು. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಲೇಪನ ಕೆಡಲು ಶುರುವಾಗುತ್ತದೆ. ಹಾಗೆಯೇ ‘ಕಬ್ಬಿಣದ ಕಾವಲಿ ಇದ್ದರೆ ರಕ್ತಹೀನತೆ ಮಾಯ’ ಎಂಬ ಮಾತನ್ನೂ ಪೂರ್ತಿ ನಂಬಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಕಬ್ಬಿಣದ ಬಾಣಲೆಯಲ್ಲಿ ಹುಳಿ ಪದಾರ್ಥ ಹೆಚ್ಚು ಹೊತ್ತು ಬೇಯಿಸಿದರೆ ಒಂದಿಷ್ಟು ಕಬ್ಬಿಣಾಂಶ ಊಟಕ್ಕೆ ಇಳಿಯುವುದು ನಿಜ. ಆದರೆ ಪಳಗಿದ ಕಾವಲಿಯ ಮೇಲೆ ಎರಡೇ ನಿಮಿಷ ಇರುವ ದೋಸೆಯಿಂದ ಹೆಚ್ಚೇನೂ ಬಾರದು. ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ.

ಈಚೆಗೆ ಅಂಗಡಿಗಳಲ್ಲಿ ‘ಕಾರ್ಬನ್ ಸ್ಟೀಲ್ ಪ್ಯಾನ್’ ಎಂದು ದುಬಾರಿ ಬೆಲೆಗೆ ಮಾರುತ್ತಾರಲ್ಲ, ನೋಡಿದ್ದೀರಾ? ಸಂತೆಯಲ್ಲಿ ಸಿಗುವ ನಮ್ಮ ತಗಡಿನ ಕಾವಲಿಗೆ ಅದು ಹತ್ತಿರದ ನೆಂಟ. ಎರಡನ್ನೂ ಪಳಗಿಸುವ ರೀತಿ ಒಂದೇ. ಭಾರದ ಬೀಡಿನ ಕಾವಲಿ ಬೇರೆ. ಅದು ಕಾವನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ, ಆದರೆ ಕೈಜಾರಿ ಬಿದ್ದರೆ ಒಡೆಯಬಹುದು. ತಗಡಿನದು ಬಗ್ಗೀತೇ ಹೊರತು ಒಡೆಯುವುದಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ಮಗಳ ಮದುವೆಗೆ ಪಾತ್ರೆ ಜೋಡಿಸುವ ಅಮ್ಮಂದಿರೇ, ಹೊಸ ಕಾವಲಿಯನ್ನು ಪ್ಯಾಕೆಟ್ ಸಮೇತ ಕೊಡಬೇಡಿ. ಒಂದೆರಡು ತಿಂಗಳು ನೀವೇ ಬಳಸಿ, ಪಳಗಿಸಿ ಕೊಡಿ. ಅತ್ತೆಯಂದಿರೇ, ಸೊಸೆ ಬಂದ ದಿನ ಬೀಗದ ಕೈ ಕೊಡುವುದರ ಜೊತೆಗೆ ‘ಈ ಕಾವಲಿ ತಿಕ್ಕಬೇಡಮ್ಮ, ಯಾಕೆ ಅಂದ್ರೆ...’ ಎಂದು ಎರಡು ಮಾತು ಹೇಳಿ. ಮಗನಿಗೂ ಹೇಳಿ. ನಮ್ಮ ಮನೆಯಲ್ಲಿ ಈಗ ಅದೇ ಹಳೆಯ ಕಾವಲಿ ಮತ್ತೆ ಕರ್ರಗಾಗಿದೆ. ಭಾನುವಾರದ ದೋಸೆ ಹುಯ್ಯುವವನು ನನ್ನ ಹತ್ತು ವರ್ಷದ ಮಗ, ಪಕ್ಕದಲ್ಲಿ ನಾನು ಕಾವಲು. ಅವನ ಮೊದಲ ದೋಸೆಯೂ ಹರಿದಿತ್ತು. ಕೈಗುಣದ ಮಾತನ್ನು ನಾವ್ಯಾರೂ ಎತ್ತಲಿಲ್ಲ. ‘ಉರಿ ಸ್ವಲ್ಪ ತಗ್ಗಿಸೋ ಮರಿ’ ಅಂದರು ಅವರಜ್ಜಿ, ಅಷ್ಟೇ.