‘15 ದಿನದಲ್ಲಿ ವೀಸಾ, ಪರೀಕ್ಷೆ ಬೇಡ’: ನರ್ಸ್ ಕೆಲಸದ ಫಾರ್ವರ್ಡ್ ನಂಬುವ ಮುನ್ನ ಇದನ್ನು ಓದಿ

‘ಗಲ್ಫ್ ಆಸ್ಪತ್ರೆಗೆ ನರ್ಸ್‌ಗಳು ಬೇಕಾಗಿದ್ದಾರೆ. ಪರೀಕ್ಷೆ ಇಲ್ಲ, 15 ದಿನದಲ್ಲಿ ವೀಸಾ. ಪಾಸ್‌ಪೋರ್ಟ್ ಫೋಟೊ ಕಳಿಸಿ.’ ಇಂಥ ಸಂದೇಶಗಳು ಊರಿನ ವಾಟ್ಸ್‌ಆಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತವೆ. ಅತ್ತ ಎಲ್ಲ ದಾಖಲೆ ಕೊಟ್ಟು ತಿಂಗಳುಗಟ್ಟಲೆ ಕಾಯುವ ನರ್ಸ್‌ಗಳೂ ಇದ್ದಾರೆ. ‘ಏಜೆಂಟನಿಗೆ ದುಡ್ಡು ಕೊಟ್ಟಿದ್ದರೆ ಬೇಗ ಆಗುತ್ತಿತ್ತೇನೋ’ ಎಂದು ಮನೆಯವರಿಗೆ ಅನ್ನಿಸುವುದು ಆಗಲೇ. ಈ ವಿಳಂಬ ಎಲ್ಲಿ, ಏಕೆ ಆಗುತ್ತದೆ ಎಂಬುದನ್ನು ನೋಡೋಣ.

ವೀಸಾ ಸಿಕ್ಕರೆ ಕೆಲಸ ಸಿಕ್ಕಂತೆಯೇ?

ಅಲ್ಲ. ಗೌರಿಬಿದನೂರು ತಾಲ್ಲೂಕಿನ ಅಲೀಪುರವನ್ನೇ ತೆಗೆದುಕೊಳ್ಳಿ. ಹರಳಿನ ವ್ಯಾಪಾರ ಮತ್ತು ಓದಿಗಾಗಿ ಹೊರದೇಶಕ್ಕೆ ಹೋಗುವುದು ಈ ಊರಿಗೆ ಹೊಸದಲ್ಲ. 2025ರ ಜೂನ್‌ನಲ್ಲಿ ಇರಾನ್–ಇಸ್ರೇಲ್ ಸಂಘರ್ಷ ನಡೆದಾಗ, ಇರಾನಿನಲ್ಲಿ ಓದುತ್ತಿದ್ದ ಇಲ್ಲಿನ ವಿದ್ಯಾರ್ಥಿಗಳ ವಿಷಯ ಸುದ್ದಿಯಾಗಿತ್ತು. ಹಾಗಾಗಿ ಪಾಸ್‌ಪೋರ್ಟ್, ವೀಸಾ ಎಂದರೆ ಏನೆಂದು ಇಲ್ಲಿ ಅನೇಕರಿಗೆ ಗೊತ್ತು. ಆದರೆ ನರ್ಸ್‌ನ ದಾರಿ ವ್ಯಾಪಾರಿಯ ದಾರಿಯಂಥದ್ದಲ್ಲ. ದೇಶದೊಳಗೆ ಬರಲು ಬಿಡುವುದು ವಲಸೆ ಇಲಾಖೆ. ರೋಗಿಯನ್ನು ಮುಟ್ಟಲು ಅನುಮತಿ ಕೊಡುವುದು ಅಲ್ಲಿನ ವೃತ್ತಿ ನೋಂದಣಿ ಸಂಸ್ಥೆ. ಇವೆರಡೂ ಬೇರೆ ಬೇರೆ.

ಬ್ರಿಟನ್ನಿನಲ್ಲಿ ಈ ಸಂಸ್ಥೆ ನರ್ಸಿಂಗ್ ಆಂಡ್ ಮಿಡ್‌ವೈಫರಿ ಕೌನ್ಸಿಲ್. ಸೌದಿಯಲ್ಲಿ ಸೌದಿ ಕಮಿಷನ್ ಫಾರ್ ಹೆಲ್ತ್ ಸ್ಪೆಷಾಲಿಟೀಸ್. ದುಬೈಯಲ್ಲಿ ದುಬೈ ಹೆಲ್ತ್ ಅಥಾರಿಟಿ. ಬ್ರಿಟನ್ನಿಗೆ ಇಂಗ್ಲಿಷ್ ಪರೀಕ್ಷೆ, ಕಂಪ್ಯೂಟರ್ ಪರೀಕ್ಷೆ ಮುಗಿಸಿ, ಕೊನೆಗೆ ಅಲ್ಲಿಗೇ ಹೋಗಿ ಕೈಕೆಲಸದ ಪರೀಕ್ಷೆ ಬರೆಯಬೇಕು. ಐಇಎಲ್‌ಟಿಎಸ್‌ನಲ್ಲಿ ಓದು, ಆಲಿಸುವಿಕೆ, ಮಾತಿಗೆ ತಲಾ 7 ಮತ್ತು ಬರವಣಿಗೆಗೆ 6.5 ಅಂಕ ಬೇಕು. ಜರ್ಮನಿಯಲ್ಲಿ ಪೂರ್ಣ ಮಾನ್ಯತೆಗೆ ಸಾಮಾನ್ಯವಾಗಿ ಜರ್ಮನ್ ಭಾಷೆಯ ಬಿ2 ಮಟ್ಟ ಬೇಕು.

ಹಾಗಾದರೆ ತಡವಾಗುವುದು ಎಲ್ಲಿ?

ಹೆಚ್ಚಾಗಿ ದಾಖಲೆ ಪರಿಶೀಲನೆಯಲ್ಲಿ. ಗಲ್ಫ್ ದೇಶಗಳಲ್ಲಿ ಇದನ್ನು ಡೇಟಾಫ್ಲೋ ಎಂಬ ಸಂಸ್ಥೆ ಮಾಡುತ್ತದೆ. ನೀವು ಕೊಟ್ಟ ಪ್ರಮಾಣಪತ್ರವನ್ನು ಅದು ನೋಡಿ ಬಿಡುವುದಿಲ್ಲ, ಪತ್ರ ಕೊಟ್ಟವರನ್ನೇ ಕೇಳುತ್ತದೆ. ಪದವಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಂಥ ಸಂಸ್ಥೆ, ನೋಂದಣಿಗೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತು, ಅನುಭವಕ್ಕೆ ನೀವು ದುಡಿದ ಆಸ್ಪತ್ರೆ. ಇವರಲ್ಲಿ ಒಬ್ಬರು ಉತ್ತರಿಸದಿದ್ದರೂ ಕಡತ ಅಲ್ಲೇ ನಿಲ್ಲುತ್ತದೆ. ತಾಲ್ಲೂಕಿನ ಸಣ್ಣ ನರ್ಸಿಂಗ್ ಹೋಮ್ ಮುಚ್ಚಿದ್ದರೆ, ಅಥವಾ ಇಮೇಲ್ ನೋಡುವವರೇ ಇಲ್ಲದಿದ್ದರೆ, ನಿಜವಾದ ಅನುಭವವನ್ನೂ ಸಾಬೀತು ಮಾಡುವುದು ಕಷ್ಟ.

ಎರಡನೆಯದು ಹೆಸರು. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ತಂದೆಯ ಪೂರ್ತಿ ಹೆಸರು, ಮದುವೆಯ ನಂತರ ಗಂಡನ ಹೆಸರು. ಫಾತಿಮಾ ಎಂಬ ಒಂದೇ ಹೆಸರಿಗೆ ಇಂಗ್ಲಿಷಿನಲ್ಲಿ ಮೂರ್ನಾಲ್ಕು ಕಾಗುಣಿತ. ನಮಗೆ ಇದೆಲ್ಲ ಒಬ್ಬರೇ. ಕಂಪ್ಯೂಟರಿಗೆ ಬೇರೆ ಬೇರೆ ಜನ. ಪಾಸ್‌ಪೋರ್ಟ್‌ನಲ್ಲಿ ಎಲ್ಲಿಯೂ ಮನೆತನದ ಅಥವಾ ತಂದೆಯ ಹೆಸರಿಲ್ಲದೆ ಒಂದೇ ಹೆಸರಿರುವವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಕೊಡುವುದಿಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲಿ ನಿಯಮ ತಂದಿತು.

ಮೂರನೆಯದು ಗಡುವು. ಐಇಎಲ್‌ಟಿಎಸ್ ಫಲಿತಾಂಶ ಚಾಲ್ತಿಯಲ್ಲಿರುವುದು ಎರಡು ವರ್ಷ. ವೈದ್ಯಕೀಯ ತಪಾಸಣೆ, ಪೊಲೀಸ್ ಪ್ರಮಾಣಪತ್ರ, ಪರಿಷತ್ತಿನ ‘ಗುಡ್ ಸ್ಟ್ಯಾಂಡಿಂಗ್’ ಪತ್ರ ಇನ್ನೂ ಬೇಗ ಹಳತಾಗುತ್ತವೆ. ಎಲ್ಲವನ್ನೂ ಮೊದಲೇ ಮಾಡಿಸಿಟ್ಟರೆ, ಒಂದು ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತದೆ. ಮತ್ತೆ ಶುಲ್ಕ, ಮತ್ತೆ ಕಾಯುವಿಕೆ.

ದುಡ್ಡು ಕೊಟ್ಟರೆ ಬೇಗ ಆಗುತ್ತದೆಯೇ?

ಈ ಪರಿಶೀಲನೆ ಏಜೆಂಟನ ಕೈಯಲ್ಲಿಲ್ಲ. ಇಲ್ಲದ ಅನುಭವ ಸೇರಿಸಿ ಪತ್ರ ಮಾಡಿಸಿಕೊಟ್ಟರೆ ಸಿಕ್ಕಿಬೀಳುವವರು ನರ್ಸೇ ಹೊರತು ಆತನಲ್ಲ. 2023ರಲ್ಲಿ ನೈಜೀರಿಯಾದ ಇಬಾದಾನ್‌ನ ಒಂದು ಪರೀಕ್ಷಾ ಕೇಂದ್ರದಲ್ಲಿ ಅಕ್ರಮದ ಸುಳಿವು ಸಿಕ್ಕಾಗ, ಬ್ರಿಟನ್ನಿನ ಕೌನ್ಸಿಲ್ ಅಲ್ಲಿ ಬರೆದವರ ಫಲಿತಾಂಶಗಳನ್ನು ಮಾನ್ಯ ಮಾಡದೆ, ಮತ್ತೆ ಪರೀಕ್ಷೆ ಬರೆಯಲು ಹೇಳಿತು.

ಭಾರತದ ಕಾನೂನಿನಲ್ಲಿ ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಜಿಎಸ್‌ಟಿ. ಅಂದರೆ 35,400 ರೂಪಾಯಿ. 2015ರಲ್ಲಿ ಬಯಲಾದ ಕೊಚ್ಚಿಯ ಕುವೈತ್ ನೇಮಕಾತಿ ಹಗರಣದಲ್ಲಿ 19,500 ರೂಪಾಯಿ ಪಡೆಯಬೇಕಿದ್ದ ಏಜೆನ್ಸಿ ಒಬ್ಬೊಬ್ಬ ನರ್ಸ್‌ನಿಂದ 19.5 ಲಕ್ಷದಷ್ಟು ಪಡೆದ ಆರೋಪವಿತ್ತು. ಅದೇ ವರ್ಷ ಕೇಂದ್ರ ಸರ್ಕಾರ, ಸೌದಿ, ಯುಎಇ, ಕುವೈತ್, ಕತಾರ್ ಸೇರಿ 18 ದೇಶಗಳಿಗೆ ಹೋಗುವ ನರ್ಸ್‌ಗಳಿಗೆ ಎಮಿಗ್ರೇಷನ್ ಕ್ಲಿಯರೆನ್ಸ್ ಕಡ್ಡಾಯ ಮಾಡಿತು. ‘ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲೇ ಬದಲಾಯಿಸೋಣ’ ಎನ್ನುವವರು ನಿಮ್ಮನ್ನು ಈ ರಕ್ಷಣೆಯಿಂದ ಹೊರಗೆ ತಳ್ಳುತ್ತಿದ್ದಾರೆ.

ಕಾಯುವಾಗ ಏನು ಮಾಡಬೇಕು?

• ಮೊದಲು ಎಲ್ಲ ದಾಖಲೆಗಳ ಹೆಸರು, ಹುಟ್ಟಿದ ದಿನಾಂಕ ಪಾಸ್‌ಪೋರ್ಟ್‌ಗೆ ಹೊಂದುತ್ತವೆಯೇ ನೋಡಿ.
• ಪರಿಷತ್ತಿನ ನೋಂದಣಿ ಚಾಲ್ತಿಯಲ್ಲಿರಲಿ.
• ಅರ್ಜಿ ಹಾಕುವ ಮುನ್ನ ಹಳೆಯ ಆಸ್ಪತ್ರೆಗೆ ಹೋಗಿ, ಪರಿಶೀಲನೆಯ ಇಮೇಲ್ ಬರುತ್ತದೆ ಎಂದು ತಿಳಿಸಿ.
• ಬೇಗ ಅವಧಿ ಮುಗಿಯುವ ದಾಖಲೆಗಳನ್ನು ಕೊನೆಗೆ ಮಾಡಿಸಿ.
• ಈಗಿರುವ ಕೆಲಸ ಬಿಡಬೇಡಿ. ಹಲವು ದೇಶಗಳು ಇತ್ತೀಚಿನ ಅನುಭವ ಕೇಳುತ್ತವೆ. ಮನೆಯಲ್ಲಿ ಕೂತು ಕಾದರೆ ಇರುವ ಅರ್ಹತೆಯೂ ಕೈತಪ್ಪಬಹುದು.
• ಏಜೆಂಟ್ ನೋಂದಾಯಿತರೇ ಎಂದು ವಿದೇಶಾಂಗ ಸಚಿವಾಲಯದ ಇಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರವೂ ಇದೆ. ಸಹಾಯವಾಣಿ: 1800 11 3090.

ತಡವಾಗುತ್ತಿದೆ ಎಂದ ಮಾತ್ರಕ್ಕೆ ಮೋಸ ಹೋಗಿದ್ದೀರಿ ಎಂದಲ್ಲ. ಬೇಗ ಮಾಡಿಸುತ್ತೇನೆ ಎಂದವರೆಲ್ಲ ಮಾಡಿಸುವುದೂ ಇಲ್ಲ. ಸಂದೇಶದಲ್ಲಿ ಆಸ್ಪತ್ರೆಯ ಹೆಸರು, ಏಜೆಂಟನ ನೋಂದಣಿ ಸಂಖ್ಯೆ, ಶುಲ್ಕದ ವಿವರ ಇಲ್ಲದಿದ್ದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ಅದನ್ನು ನಂಬಿ ಒಡವೆ ಅಡವಿಡುವವರು ನಿಮ್ಮ ಗುಂಪಿನಲ್ಲೇ ಇರಬಹುದು.