ಜಿಲ್ಲೆ ಒಡೆದರೆ ಯಾರ ಗಂಟು ಹೋಗುತ್ತದೆ?

ಶಾಲೆಗಳ ಲೆಕ್ಕಕ್ಕೆ ಬಂದರೆ ಕರ್ನಾಟಕದಲ್ಲಿರುವುದು 31 ಜಿಲ್ಲೆಗಳಲ್ಲ, 35. ಹೀಗೆಂದಾಗಲೆಲ್ಲ ನಮ್ಮ ಮಹಿಳಾ ಸಮಾಜದ ಗೆಳತಿಯರು ನನ್ನನ್ನೇ ತಿದ್ದಲು ಬರುತ್ತಾರೆ. ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ಪೇಪರಿನ ಪಟ್ಟಿ ನೋಡಿ ಅನ್ನುತ್ತೇನೆ. ಅದರಲ್ಲಿ ಬೆಳಗಾವಿಯಿಂದ ಚಿಕ್ಕೋಡಿ ಬೇರೆ, ಉತ್ತರ ಕನ್ನಡದಿಂದ ಶಿರಸಿ ಬೇರೆ, ತುಮಕೂರಿನಿಂದ ಮಧುಗಿರಿ ಬೇರೆ. ಬೆಂಗಳೂರು ನಗರ ಜಿಲ್ಲೆಯೊಂದೇ ಉತ್ತರ, ದಕ್ಷಿಣ ಎಂದು ಎರಡಾಗಿದೆ. ಇವು ಶೈಕ್ಷಣಿಕ ಜಿಲ್ಲೆಗಳು. ಜಿಲ್ಲಾಧಿಕಾರಿ ಒಬ್ಬರೇ, ಜಿಲ್ಲಾ ಪಂಚಾಯ್ತಿ ಒಂದೇ. ಶಾಲೆಗಳನ್ನು ನೋಡಿಕೊಳ್ಳುವ ಉಪನಿರ್ದೇಶಕರು, ಅಂದರೆ ನಮ್ಮ ಬಾಯಲ್ಲಿ ಡಿ.ಡಿ. ಸಾಹೇಬರು, ಮಾತ್ರ ಇಬ್ಬರು.

ಉಳಿದ ದೊಡ್ಡ ಜಿಲ್ಲೆಗಳನ್ನೂ ಹೀಗೆ ಒಡೆಯಬೇಕೆ? ಒಡೆಯಬೇಕು ಅನ್ನುವವಳು ನಾನು. ಬೇಡ ಅನ್ನುವವರಲ್ಲಿ ಹೆಚ್ಚಿನವರು ಜಿಲ್ಲಾ ಕೇಂದ್ರದಲ್ಲೇ ಮನೆ ಕಟ್ಟಿಕೊಂಡವರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದೆ. ದೊಡ್ಡದೊಂದು ಜಿಲ್ಲೆಯ ಕಟ್ಟಕಡೆಯ ತಾಲ್ಲೂಕು ಅದು, ಹೆಸರು ಬೇಡ. ಡಿ.ಡಿ. ಆಫೀಸಿಗೆ ನೂರು ಕಿಲೋಮೀಟರಿಗೂ ಹೆಚ್ಚು. ಕಾಗದದ ಮೇಲೆ ಈ ದೂರ ಎಲ್ಲರಿಗೂ ಸಮ. ಆದರೆ ನಮ್ಮ ಶಾಲೆಯ ಮಾಸ್ತರುಗಳಿಗೆ ಕೆಲಸ ಬಿದ್ದರೆ ಹಿಂದಿನ ಸಂಜೆಯೇ ಹೊರಟು, ಗೆಳೆಯರ ರೂಮಿನಲ್ಲೋ ಲಾಡ್ಜಿನಲ್ಲೋ ಉಳಿದು, ಹತ್ತು ಗಂಟೆಗೆ ಆಫೀಸಿನ ಬಾಗಿಲಲ್ಲಿ ನಿಲ್ಲುತ್ತಿದ್ದರು. ನನ್ನ ಹಾದಿ ಬೇರೆ. ನಾಲ್ಕಕ್ಕೆದ್ದು ರೊಟ್ಟಿ ಬಡಿದು, ಮಕ್ಕಳ ಡಬ್ಬಿ ಕಟ್ಟಿ, ಅತ್ತೆಯವರ ಗುಳಿಗೆ ತೆಗೆದಿಟ್ಟು, ಐದೂವರೆ ಬಸ್ಸು ಹಿಡಿಯಬೇಕು. ಅಲ್ಲಿ ಮುಟ್ಟಿದರೆ ಸಾಹೇಬರು ಮೀಟಿಂಗಿನಲ್ಲಿ, ಕೇಸ್ ವರ್ಕರ್ ರಜೆಯಲ್ಲಿ. ಇಡೀ ದಿನ ಕಾಯಲು ಒಂದು ಬೆಂಚು. ಹೆಂಗಸರಿಗೆ ಹೋಗಲು ಒಂದು ಶೌಚಾಲಯ, ಅದಕ್ಕೂ ಬೀಗ. ಮಧ್ಯಾಹ್ನ ಮೂರರಿಂದ ಎದೆ ಹೊಡೆದುಕೊಳ್ಳಲು ಶುರು: ಕೊನೆಯ ಬಸ್ಸು ತಪ್ಪಿದರೆ ಗತಿ ಏನು? ‘ನಾಲ್ಕಕ್ಕೆ ಬರ್ರಿ ಅಕ್ಕೋರೆ, ಸಹಿ ಆಗಿರತೈತಿ’ ಎಂದರೆ ನಾಲ್ಕರವರೆಗೆ ನಿಲ್ಲಬಲ್ಲ ಧೈರ್ಯ ನಮ್ಮಲ್ಲಿ ಎಷ್ಟು ಮಂದಿಗಿತ್ತು?

ಹೀಗಾಗಿಯೇ ನಮ್ಮ ತಾಲ್ಲೂಕಿನಲ್ಲಿ ಒಬ್ಬ ‘ಆಫೀಸು ಮಾಸ್ತರು’ ಹುಟ್ಟಿಕೊಂಡಿದ್ದರು. ಪಾಠ ಮಾಡಿದ್ದನ್ನು ಕಂಡವರಿಲ್ಲ. ಶಿಕ್ಷಕಿಯರ ಬಡ್ತಿಯ ಕಾಗದ, ತಪ್ಪಿಹೋದ ಇಂಕ್ರಿಮೆಂಟು, ಸರ್ವಿಸ್ ರಿಜಿಸ್ಟರಿನ ತಿದ್ದುಪಡಿ, ಎಲ್ಲವನ್ನೂ ಚೀಲದಲ್ಲಿ ತುಂಬಿಕೊಂಡು ವಾರಕ್ಕೊಮ್ಮೆ ಡಿ.ಡಿ. ಆಫೀಸಿಗೆ ಹೋಗುವುದೇ ಅವರ ಉದ್ಯೋಗ. ತಲೆಗಿಷ್ಟು ಅಂತ ದರ. ಗಂಡಸರು ಅವರ ಬಳಿ ಹೋಗುತ್ತಿರಲಿಲ್ಲ, ತಾವೇ ಹೋಗಿಬರುತ್ತಿದ್ದರು. ಆ ದರವನ್ನು ನಾವು ‘ಖರ್ಚು’ ಅನ್ನುತ್ತಿದ್ದೆವು. ಅದು ಹೆಣ್ಣಾಗಿ ಹುಟ್ಟಿದ್ದಕ್ಕೆ ಕಟ್ಟಿದ ಕಂದಾಯ ಎಂದು ಯಾರೂ ಅನ್ನಲಿಲ್ಲ.

ಈಗ ಎಲ್ಲ ಕಂಪ್ಯೂಟರಿನಲ್ಲಿದೆ, ದೂರದ ಮಾತೇಕೆ ಎನ್ನುವವರಿದ್ದಾರೆ. ಅರ್ಜಿ ಕಂಪ್ಯೂಟರಿನಲ್ಲಿ ಹೋಗುತ್ತದೆ ನಿಜ. ಅದು ಎಲ್ಲಿ ನಿಂತಿದೆ ಎಂದು ಕೇಳಲು ಇವತ್ತಿಗೂ ಕಾಲೇ ಬೇಕು. ವರ್ಗಾವಣೆ ಕೌನ್ಸೆಲಿಂಗ್ ನಡೆಯುವ ದಿನ ಯಾವುದೇ ದೊಡ್ಡ ಜಿಲ್ಲೆಯ ಡಿ.ಡಿ. ಆಫೀಸಿನ ಅಂಗಳಕ್ಕೆ ಹೋಗಿ ನೋಡಿ: ಕೈಗೂಸು ಎತ್ತಿಕೊಂಡ ಶಿಕ್ಷಕಿಯರು, ಕೂಸನ್ನು ನೋಡಿಕೊಳ್ಳಲು ಜೊತೆಗೆ ಬಂದ ಅವರ ತಾಯಂದಿರು. ಶಿಕ್ಷಕಿಯರ ಮಾತು ಬಿಡಿ, ಶಾಲೆಯ ತಾಯಂದಿರ ಪಾಡೇನು? 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು, ತಾಯಂದಿರೂ ಸದಸ್ಯರಾದರು. ನಮ್ಮೂರಿಗೆ ಗಣಿತದ ಮಾಸ್ತರಿಲ್ಲ ಎಂದು ಅವರು ಬಿ.ಇ.ಓ. ಬಳಿ ಹೋದರೆ, ‘ಕಾಯಂ ಮಾಸ್ತರನ್ನು ಕೊಡುವುದು ನನ್ನ ಕೈಯಲ್ಲಿಲ್ಲ, ಮೇಲಕ್ಕೆ ಹೋಗಿ’ ಎಂಬ ಉತ್ತರ. ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಹೊಂದಿಸಿ, ಆ ‘ಮೇಲಕ್ಕೆ’ ಹೋದ ತಾಯಿಯನ್ನು ನಾನಂತೂ ಕಾಣಲಿಲ್ಲ.

ಲೆಕ್ಕವನ್ನೇ ನೋಡಿ. 2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ ಐದೂವರೆ ಲಕ್ಷ; ಅದಕ್ಕೊಬ್ಬ ಡಿ.ಡಿ. ಕಲಬುರಗಿಯದು 25 ಲಕ್ಷ 66 ಸಾವಿರ. ಅದಕ್ಕೂ ಒಬ್ಬರೇ ಡಿ.ಡಿ. ಕೊಡಗಿನವರ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಚಿಂಚೋಳಿಯ, ಅಫಜಲಪುರದ ಹೆಣ್ಣುಮಗಳು ಮಾಡಿದ ಪಾಪವೇನು? ರಾಯಚೂರು ಜಿಲ್ಲೆಯ ಲಿಂಗಸುಗೂರಿನವಳು ಡಿ.ಡಿ. ಆಫೀಸಿನ ಮುಖ ನೋಡಲು ಅರ್ಧ ದಿನ ಬಸ್ಸಿನಲ್ಲಿ ಯಾಕೆ ಕೂರಬೇಕು?

ಇನ್ನು ಬೇಡ ಅನ್ನುವವರ ವಾದಗಳು. ಗಡಿಯ ಭಯ ಮೊದಲನೆಯದು. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಏಳು ಹೊಸ ಜಿಲ್ಲೆ ಮಾಡಿತು. ಬೆಳಗಾವಿಯನ್ನೂ ಒಡೆಯಲು ಹೊರಟು, ಗಡಿ ತಂಟೆಗೆ ಬಲ ಬರುತ್ತದೆಂದು ಕನ್ನಡ ಸಂಘಟನೆಗಳು ವಿರೋಧಿಸಿದ್ದರಿಂದ ಹಿಂದೆ ಸರಿಯಿತು. ಆ ಆತಂಕವನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ಶಾಲೆಗಳ ಮಟ್ಟಿಗೆ ಚಿಕ್ಕೋಡಿ ಬೇರೆಯಾಯಿತಲ್ಲ, ಗಡಿ ಒಂದು ಗೇಣಾದರೂ ಸರಿಯಿತೆ? ಕಂದಾಯ ಜಿಲ್ಲೆ ಒಡೆಯಲಾಗದ ಕಡೆಯೂ ಶಾಲೆಯ ಜಿಲ್ಲೆ ಒಡೆಯಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಎರಡನೆಯ ವಾದ ಬಂದದ್ದು ನಮ್ಮ ಮನೆಯೊಳಗಿಂದಲೇ. ಅಮೆರಿಕದಲ್ಲಿರುವ ನನ್ನ ಅಣ್ಣನ ಮಗಳು ಫೋನಿನಲ್ಲಿ, ‘ಬ್ಯಾಡ ಅತ್ತಿ, ಒಡೆದರ ಬಡವರ ಸಾಲಿಗೆ ಪೆಟ್ಟು’ ಅಂದಳು. ಅವಳ ಮಾತು ಅವಳಿರುವಲ್ಲಿಗೆ ಸರಿ. ಅಲ್ಲಿ ಶಾಲಾ ಜಿಲ್ಲೆ ಅಂದರೆ ಬರೀ ಆಫೀಸಲ್ಲ. ಅದಕ್ಕೆ ಚುನಾಯಿತ ಮಂಡಳಿಯಿದೆ, ಮನೆ ಜಮೀನುಗಳ ಮೇಲಿನ ತೆರಿಗೆಯ ವರಮಾನವಿದೆ. ಯೂಟಾ ರಾಜ್ಯದ ಜೋರ್ಡನ್ ಶಾಲಾ ಜಿಲ್ಲೆಯಲ್ಲಿ 2007ರಲ್ಲಿ ಪೂರ್ವಭಾಗದವರು ಮತ ಹಾಕಿ ಬೇರೆಯಾದರು. 2009ರಿಂದ ಕ್ಯಾನಿಯನ್ಸ್ ಎಂಬ ಹೊಸ ಜಿಲ್ಲೆ ನಡೆಯಿತು. ಬೆಲೆಬಾಳುವ ಆಸ್ತಿ ಹೆಚ್ಚು ಪೂರ್ವಕ್ಕೆ, ಬೆಳೆಯುತ್ತಿರುವ ಮಕ್ಕಳ ಸಂಖ್ಯೆ ಪಶ್ಚಿಮಕ್ಕೆ. ಮತ ಹಾಕುವ ಹಕ್ಕೂ ಹೋಗುವವರಿಗಷ್ಟೇ ಇತ್ತು, ಉಳಿಯುವವರಿಗಿರಲಿಲ್ಲ. ಗಳಿಸುವ ಮಗ ಬೇರೆ ಮನೆ ಮಾಡಿ, ಮುದುಕರನ್ನೂ ಸಾಲವನ್ನೂ ತಮ್ಮನಿಗೆ ಬಿಟ್ಟ ಹಾಗೆ. ನಮ್ಮ ಸರ್ಕಾರಿ ಶಾಲೆಯ ಮಾಸ್ತರ ಸಂಬಳ ಬರುವುದು ರಾಜ್ಯದ ಖಜಾನೆಯಿಂದ. ಚಿಂಚೋಳಿ ಬೇರೆಯಾದರೆ ಕಲಬುರಗಿಯ ಗಂಟು ಯಾರೂ ಹೊತ್ತೊಯ್ಯುವುದಿಲ್ಲ. ಅಲ್ಲಿ ಪಾಲಾಗುವುದು ಆಸ್ತಿ, ಇಲ್ಲಿ ಪಾಲಾಗುವುದು ಸಾಹೇಬರ ಕುರ್ಚಿ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬಾರದು.

ಫಲಿತಾಂಶದ ಪಟ್ಟಿ ಹಿಡಿದು ಬರುವವರೂ ಇದ್ದಾರೆ, ಎರಡೂ ಪಕ್ಷದಲ್ಲಿ. ಒಡೆದರೆ ಫಲಿತಾಂಶ ಏರುತ್ತದೆ ಎಂದು ನಾನು ಹೇಳುವುದಿಲ್ಲ. ಕಲಬುರಗಿಯಿಂದ ಬೇರೆಯಾದ ಯಾದಗಿರಿ 2024ರ ಎಸ್.ಎಸ್.ಎಲ್.ಸಿ.ಯಲ್ಲಿ ರಾಜ್ಯಕ್ಕೇ ಕೊನೆ. 2025ರಲ್ಲಿ ಆ ಜಾಗಕ್ಕೆ ಕಲಬುರಗಿಯೇ ಬಂತು, ಶೇಕಡಾ 42ರ ಆಸುಪಾಸಿನಲ್ಲಿ. ಒಡೆದದ್ದೂ ಕೊನೆ, ಒಡೆಯದೆ ಉಳಿದದ್ದೂ ಕೊನೆ. ಮಾಸ್ತರೇ ಇಲ್ಲದ ಶಾಲೆಗೆ ಡಿ.ಡಿ. ಹತ್ತಿರ ಬಂದ ಮಾತ್ರಕ್ಕೆ ಮಗು ಪಾಸಾಗುವುದಿಲ್ಲ. ಆದರೆ ಮಾಸ್ತರಿಲ್ಲ ಎಂದು ತಾಯಿ ಹೋಗಿ ಕೂಗಾಡುವಷ್ಟು ಹತ್ತಿರದಲ್ಲಿ ಆ ಆಫೀಸು ಇರಲಿ ಎಂಬುದಷ್ಟೇ ನನ್ನ ಹಟ.

ಖರ್ಚಿನ ಮಾತು ಎತ್ತುವವರಿಗೆ ಉತ್ತರ ಕೊಡುವಷ್ಟು ತಾಳ್ಮೆ ನನಗಿಲ್ಲ. ಸಾವಿರಾರು ಹೆಂಗಸರು ಬಸ್ಸಿಗೆ ಸುರಿದ ದುಡ್ಡನ್ನು ಯಾವ ಬಜೆಟ್ಟಿನಲ್ಲಿ ಬರೆದಿದ್ದಾರೆ, ಮೊದಲು ತೋರಿಸಲಿ.

ಹಾಗೆಂದು ಬೋರ್ಡು ಬರೆಸಿ, ಟೇಬಲ್ಲು ಹಾಕಿ, ಜಿಲ್ಲೆ ಆಯಿತು ಎಂದರೆ ಒಪ್ಪುವವಳೂ ಅಲ್ಲ ನಾನು. ಹರಪನಹಳ್ಳಿಯ ಕಥೆ ನೆನಪಿಸಿಕೊಳ್ಳಿ. 1997ರವರೆಗೆ ಬಳ್ಳಾರಿ, ಆಮೇಲೆ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಅದೇ ಶಾಲೆ, ಅದೇ ಕರಿಹಲಗೆ. ಜಿಲ್ಲೆ ಮಾತ್ರ ಮೂರು ಸಲ ಬದಲು. ಹಾಗೆ ಬದಲಾದಾಗಲೆಲ್ಲ ಕಡತಗಳು ಗಾಡಿ ಹತ್ತಬೇಕು. ಶೈಕ್ಷಣಿಕ ಜಿಲ್ಲೆಗೆ ಇನ್ನೊಂದು ತೊಡಕು: ಡಿ.ಡಿ. ಹತ್ತಿರ ಬಂದರೂ ಜಿಲ್ಲಾ ಪಂಚಾಯ್ತಿ ಹಳೆಯ ಊರಿನಲ್ಲೇ. ಬಿಸಿಯೂಟದ ಲೆಕ್ಕ, ಕಟ್ಟಡದ ದುಡ್ಡು ಎಂದು ಡಿ.ಡಿ.ಯೇ ವಾರದ ಅರ್ಧ ದಿನ ಅಲ್ಲಿಗೆ ಓಡಾಡುತ್ತಿದ್ದರೆ ಹೊಸ ಆಫೀಸಿನಲ್ಲಿ ಮತ್ತದೇ ಬೆಂಚು, ಅದೇ ‘ಸಾಹೇಬರು ಮೀಟಿಂಗಿನಲ್ಲಿದ್ದಾರೆ’. ದೇವರು ಕೊಟ್ಟರೂ ಪೂಜಾರಿ ಕೊಡ.

ನನಗೆ ನಿದ್ದೆಗೆಡಿಸುವ ವಾದ ಒಂದೇ. ಅದನ್ನು ಎತ್ತಿದವಳು ನನ್ನ ಜೊತೆ ಕೆಲಸ ಮಾಡಿದ ಚಿಕ್ಕ ವಯಸ್ಸಿನ ಶಿಕ್ಷಕಿ. ಪ್ರಾಥಮಿಕ ಶಾಲೆಯವರಿಗೆ ಜ್ಯೇಷ್ಠತೆಯ ಪಟ್ಟಿ ಜಿಲ್ಲೆಗೊಂದು. ಜಿಲ್ಲೆಯೊಳಗೆ ವರ್ಗವಾದರೆ ಸರಿ. ದಾಟಿ ಬೇರೆ ಜಿಲ್ಲೆಗೆ ಹೋದರೆ ಹೊಸ ಪಟ್ಟಿಯ ತಳಕ್ಕೆ ಬೀಳಬೇಕು, ಅದಕ್ಕೂ ಇಂತಿಷ್ಟೇ ಎಂಬ ಮಿತಿ ಬೇರೆ. ‘ಅಕ್ಕಾ, ನನ್ನ ಶಾಲೆ ಈ ತುದಿ, ನಮ್ಮವರ ಕೆಲಸ ಆ ತುದಿ. ನಡುವೆ ಗೆರೆ ಎಳೆದರೆ ನಾನು ಯಾವಾಗ ಮನೆ ಸೇರಲಿ?’ ಎಂದು ಕೇಳಿದಳು. ಎರಡು ಪಟ್ಟಿಯಾದರೆ ಅವಳ ಹತ್ತು ವರ್ಷದ ಸೇವೆ ನೀರಿಗೆ ಬಿದ್ದಂತೆ. ಹೆಂಗಸರ ಹೆಸರಿನಲ್ಲಿ ಜಿಲ್ಲೆ ಒಡೆದು ಹೆಂಗಸರ ಸಂಸಾರವನ್ನೇ ಒಡೆಯುವುದು ನನಗೆ ಬೇಕಿಲ್ಲ.

ಆದರೆ ಇದಕ್ಕೆ ಮದ್ದಿಲ್ಲವೆ? ಒಡೆಯುವ ದಿನಕ್ಕಿಂತ ಮುಂಚೆ ನೌಕರಿಗೆ ಸೇರಿದವರಿಗೆಲ್ಲ, ಅವರು ನಿವೃತ್ತರಾಗುವವರೆಗೆ, ಎರಡೂ ಜಿಲ್ಲೆ ಒಂದೇ ಘಟಕ ಎಂದು ಆದೇಶ ಹೊರಡಿಸಬಹುದು. ಬಡ್ತಿಗೂ ಅದೇ ಪಟ್ಟಿ, ವರ್ಗಕ್ಕೂ ಅದೇ ಪಟ್ಟಿ. ಹೊಸದಾಗಿ ಸೇರುವವರು ತಿಳಿದೇ ಸೇರುತ್ತಾರೆ. 2007ರಲ್ಲಿ ಶಿಕ್ಷಕರ ವರ್ಗಾವಣೆಗೇ ಒಂದು ಕಾಯ್ದೆ ಮಾಡಿದರು, 2020ರಲ್ಲಿ ಹೊಸದೊಂದನ್ನು ತಂದರು. ಗಂಡ ಹೆಂಡತಿ ಪ್ರಕರಣವೆಂದು ಅದರಲ್ಲಿ ಜಾಗ ಮಾಡಲು ಬಂದವರಿಗೆ ಇದೊಂದು ಸಾಲು ಸೇರಿಸಲು ಕೈ ನೋಯುತ್ತದೆಯೆ? ಹೊಸ ಶೈಕ್ಷಣಿಕ ಜಿಲ್ಲೆ ಕೇಳಲು ನಿಯೋಗ ಹೊರಡುವಾಗ ಮುಂದಿನ ಸಾಲಿನಲ್ಲಿ ನಿಲ್ಲುವವರು ಯಾವಾಗಲೂ ಮಾಸ್ತರುಗಳೇ. ಮುಂದಿನ ಸಲ ಮನವಿಪತ್ರ ಬರೆಯುವ ಮುಂಚೆ ಆ ಹುಡುಗಿಯನ್ನೂ ಕರೆದು ಕೂರಿಸಿಕೊಳ್ಳಲಿ. ಅವಳಿಗೆ ಅನುಕೂಲವಾಗಲಿ ಎಂದು ಸಭೆಯನ್ನು ಭಾನುವಾರ, ತಾಲ್ಲೂಕಿನಲ್ಲೇ ಇಡಲಿ.